ಹನ್ನೊಂದು ಮನೆಗೆ ತೆರೆದ ಕಾರ್ಡು

ಏಪ್ರಿಲ್ 2

ಅಪ್ಪ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಕಿರುಚುತ್ತೇವೆ, ಇನ್ನು ಮೇಲೆ ಏನಿದ್ದರೂ ಬರೆದುಕೊಳ್ಳಿ ಎಂದು ಅಕ್ಕ ತೀರ್ಪು ಕೊಟ್ಟಿದ್ದಾಳೆ. ಅವಳ ಮನೆಯಲ್ಲಿ, ಅವಳ ದಿಂಬಿನ ಮೇಲೆ ಮುರಿದ ಕಾಲಿಟ್ಟುಕೊಂಡು ಮಲಗಿರುವವನು ನೀನು, ಅವಳ ಮಾತು ಕೇಳಲೇಬೇಕು. ನನಗೂ ಇದೇ ಒಳ್ಳೆಯದು. ಬರೆದದ್ದರ ನಡುವೆ ನೀನು ಬಾಯಿ ಹಾಕಲಾರೆ.

ಮೂವತ್ತು ವರ್ಷ ಮರ ಹತ್ತಿದವನು ಬಲ್ಬು ಬದಲಿಸಲು ಹೋಗಿ ಸ್ಟೂಲಿನಿಂದ ಬಿದ್ದ ಎಂದು ಇಡೀ ಬೀದಿಗೆ ಗೊತ್ತಾಗಿದೆ. ನಾನಾಗಿ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ಮಾತ್ರ ಹೇಳಿದೆ.

ಈಗ ಕಾರ್ಡಿನ ವಿಷಯ. ನಮ್ಮ ಮರ ಸವರುವ ಕೆಲಸದ ಜಾಹೀರಾತಿಗೆಂದು ನೀನು ಅಚ್ಚು ಹಾಕಿಸಿದ ನಾಲ್ಕುನೂರು ಕಾರ್ಡುಗಳಲ್ಲಿ ನೂರೈವತ್ತನ್ನು ಕಳೆದ ತಿಂಗಳು ಅಂಚೆಗೆ ಹಾಕಿದೆ. ಬಂದದ್ದು ಎರಡು ಫೋನು. ಒಬ್ಬರು ಇನ್ನು ಮುಂದೆ ಕಳಿಸಬೇಡಿ ಎಂದರು. ಇನ್ನೊಬ್ಬರು ಒಬ್ಬ ಅಜ್ಜಿ. ಚಿತ್ರದಲ್ಲಿ ಮರ ಬಿದ್ದು ಜಜ್ಜಿಹೋಗಿರುವ ಮನೆ ಯಾರದು, ಒಳಗಿದ್ದವರಿಗೆ ಏನಾದರೂ ಆಯಿತಾ ಎಂದು ಕೇಳಿದರು. ನಾನು ನಿಜ ಹೇಳಿದೆ. ಆ ಮನೆ ಎಲ್ಲಿದೆಯೋ ನಮಗೆ ಗೊತ್ತಿಲ್ಲ, ಅಚ್ಚಿನವನ ಹತ್ತಿರ ಇದ್ದ ಚಿತ್ರ ಅದು ಎಂದೆ. "ಹಾಗಾದ್ರೆ ಯಾಕಮ್ಮ ಹೆದರಿಸ್ತೀರಿ?" ಎಂದು ಕೇಳಿ ಫೋನ್ ಇಟ್ಟರು.

ಅದೇ ಪ್ರಶ್ನೆ ನನ್ನದೂ. "ನಿಮ್ಮ ಮರ ನಿಮ್ಮ ಮನೆಯ ಮೇಲೆ ಬೀಳುವ ಮುನ್ನ ನಮ್ಮನ್ನು ಕರೆಯಿರಿ." ಅವರ ಮರವನ್ನು ನಾವು ನೋಡಿಯೇ ಇಲ್ಲ. ಕೆಲವರ ಮನೆಯಲ್ಲಿ ಮರವೇ ಇಲ್ಲ. ನೀರಿನ ಪಂಪು ರಿಪೇರಿ ಮಾಡುವವನ ಅಂಗಳದಲ್ಲಿ ಇರುವುದು ಒಂದು ತುಳುಕುವ ಡ್ರಮ್ಮು ಮತ್ತು ಒಂದು ನಾಯಿ. ಅವನಿಗೂ ಕಾರ್ಡು ಹೋಗಿದೆ.

ಉಳಿದ ಇನ್ನೂರೈವತ್ತನ್ನು ನಾನು ಕಳಿಸುವುದಿಲ್ಲ. ಮಳೆಗಾಲಕ್ಕೆ ಎರಡು ತಿಂಗಳಿದೆ. ಈ ಸಲ ಕಾರ್ಡು ನಾನು ಬರೆಯುತ್ತೇನೆ.

ನಿನ್ನ ಅಳಿಲು

*

ಏಪ್ರಿಲ್ 9

ಅಳಿಲು,

ಒಂಬತ್ತನೇ ಕ್ಲಾಸಿನಲ್ಲಿ ಪ್ರಶ್ನೆಪತ್ರಿಕೆಗೆ ಉತ್ತರವಾಗಿ "ಈ ಪಾಠ ನಾನು ಓದಿಲ್ಲ" ಎಂದು ಬರೆದು ಎದ್ದು ಬಂದವಳು ನೀನು. ಅದನ್ನು ಪ್ರಾಮಾಣಿಕತೆ ಅಂತ ನೀನು ಕರೆದೆ. ಹೆಡ್‌ಮಾಸ್ಟರು ಬೇರೆ ಹೆಸರಿನಿಂದ ಕರೆದರು. ಈಗ ನನ್ನ ವ್ಯಾಪಾರದಲ್ಲೂ ಅದನ್ನೇ ಮಾಡಬೇಡ.

ಹೆದರಿಕೆ ಇಲ್ಲದೆ ಯಾರೂ ಫೋನ್ ಎತ್ತುವುದಿಲ್ಲ. ಮರ ಅಂದರೆ ಜನಕ್ಕೆ ಕಣ್ಣಿಗೇ ಕಾಣುವುದಿಲ್ಲ. ಗೋಡೆಯ ಹಾಗೆ ಇರುತ್ತದೆ. ಬಿದ್ದ ಮೇಲೆ ಮಾತ್ರ ಕಾಣುತ್ತದೆ.

ಕಾರ್ಡು ಕೆಲಸ ಮಾಡಲಿಲ್ಲ ಅಂತೀಯ. ಒಂದು ಸಲ ಕಳಿಸಿದರೆ ಎಲ್ಲಿ ಮಾಡುತ್ತದೆ? ಒಂದೇ ಮನೆಗೆ ಮೂರು ಸಲ ಹೋಗಬೇಕು. ಮೊದಲನೆಯದನ್ನು ಕಸಕ್ಕೆ ಹಾಕುತ್ತಾರೆ. ಎರಡನೆಯದನ್ನು ಓದಿ ಕಸಕ್ಕೆ ಹಾಕುತ್ತಾರೆ. ಮೂರನೆಯದನ್ನು ಕನ್ನಡಿಯ ಹಿಂದೆ ಸಿಕ್ಕಿಸಿ ಇಡುತ್ತಾರೆ. ಸೋಮವಾರ ತಲುಪುವ ಹಾಗೆ ಹಾಕಬೇಡ, ಆ ದಿನ ಟಪಾಲು ಜಾಸ್ತಿ. ಬುಧವಾರ ತಲುಪಲಿ. ವಿಳಾಸ ಕೈಯಲ್ಲೇ ಬರೆ. ನಮ್ಮ ನಂಬರು ದೊಡ್ಡದಾಗಿರಲಿ, ಕನ್ನಡಕ ಇಲ್ಲದವರಿಗೂ ಕಾಣಬೇಕು.

ಉಳಿದದ್ದನ್ನು ಹೇಳಿದ ಹಾಗೆ ಕಳಿಸು. ಬೋರ್ಡಿನ ಮೇಲೆ ಇರುವುದು ನನ್ನ ಹೆಸರು.

ಅಪ್ಪ

(ಅಕ್ಕ ಬರೆಯುವುದು: ನಿನ್ನ ಪತ್ರವನ್ನು ಮೂರು ಸಲ ಓದಿದ. ಸರಿಯಾಗಿ ಓದಲೇ ಇಲ್ಲ ಅನ್ನುತ್ತಾನೆ. ಕಾಲಿಗಿಂತ ಬಾಯಿ ಬೇಗ ವಾಸಿಯಾಗಿದೆ.)

*

ಏಪ್ರಿಲ್ 26

ಅಪ್ಪ,

ಬುಧವಾರ ತಲುಪಬೇಕು, ಮೂರು ಸಲ ಕಳಿಸಬೇಕು, ನಂಬರು ದೊಡ್ಡದಿರಬೇಕು. ಈ ಮೂರನ್ನೂ ಒಪ್ಪಿಕೊಂಡೆ. ಜಜ್ಜಿದ ಮನೆಯನ್ನು ಒಪ್ಪಲಿಲ್ಲ. ಅದರ ಮೇಲೆ ಬಿಳಿ ಕಾಗದ ಅಂಟಿಸಿ ಆ ಕಾರ್ಡುಗಳನ್ನೇ ಬಳಸುತ್ತಿದ್ದೇನೆ, ದಂಡ ಮಾಡಿಲ್ಲ.

ನಾನು ಮಾಡುವ ರೀತಿ ಹೇಳುತ್ತೇನೆ. ಬೆಳಿಗ್ಗೆ ಒಂದು ಬೀದಿ ನಡೆಯುತ್ತೇನೆ. ಕಾಂಪೌಂಡಿನ ಹೊರಗಿನಿಂದ ಪ್ರತಿ ಮರವನ್ನೂ ನೋಡುತ್ತೇನೆ, ಬುಡದಿಂದ ತುದಿಯವರೆಗೆ, ನೀನು ಕಲಿಸಿದ ಹಾಗೆ. ಮಧ್ಯಾಹ್ನ ಶೆಡ್ಡಿಗೆ ಬಂದು ಕಿಟಕಿಯ ಪಕ್ಕದ ಮೇಜಿನಲ್ಲಿ, ಗರಗಸದ ಎಣ್ಣೆ ಡಬ್ಬ ಸರಿಸಿ, ಕೂತು ಬರೆಯುತ್ತೇನೆ. ಒಂದು ಕಾರ್ಡಿಗೆ ಒಂದೇ ಮರ, ಅದರ ಬಗ್ಗೆ ಒಂದೇ ಮಾತು.

"ನಿಮ್ಮ ಹಸಿರು ಗೇಟಿನ ಮೇಲಿರುವ ನೇರಳೆ ಮರದ ಎಡಗಡೆ ಕೊಂಬೆ ಒಣಗಿದೆ. ಅದರ ಕೆಳಗೆ ಸ್ಕೂಟರ್ ನಿಲ್ಲಿಸುತ್ತಿದ್ದೀರಿ. ಕೊಂಬೆ ತೆಗೆಯುವವರೆಗೆ ಸ್ಕೂಟರನ್ನು ಆಚೆ ನಿಲ್ಲಿಸಿ."

"ನಿಮ್ಮ ಮಾವಿನ ಬುಡಕ್ಕೆ ಸುತ್ತ ಸಿಮೆಂಟು ಹಾಕಿದ್ದೀರಿ. ಅದಕ್ಕೆ ಉಸಿರು ಕಟ್ಟುತ್ತಿದೆ. ಸುತ್ತ ಎರಡು ಮೊಳ ಒಡೆದರೆ ಸಾಕು. ಸುತ್ತಿಗೆ ಇದ್ದರೆ ನೀವೇ ಮಾಡಬಹುದು."

ಎಂಟು ಮನೆಗಳಿಗೆ ಹೀಗೆ ಬರೆದೆ: "ನಿಮ್ಮ ಮರ ಚೆನ್ನಾಗಿದೆ. ಈ ವರ್ಷ ಏನೂ ಮಾಡಬೇಡಿ. ಯಾರಾದರೂ ಬಂದು ಕಡಿಯಬೇಕು ಅಂದರೆ ನಂಬಬೇಡಿ."

ಕೂಗಾಡುವ ಮೊದಲು ಪೂರ್ತಿ ಓದು. ಆ ಎಂಟರಲ್ಲಿ ಐದು ಮನೆಯವರು ಫೋನ್ ಮಾಡಿದರು. ಬಟ್ಟೆ ಹೊಲಿಯುವ ಆಂಟಿ ಹೇಳಿದ್ದು: "ನನ್ನ ಜನ್ಮದಲ್ಲಿ ಮಾರೋರು ಯಾರೂ 'ತಗೋಬೇಡಿ' ಅಂದಿಲ್ಲ ಕಣೇ. ಹಿಂದ್ಗಡೆ ಇನ್ನೊಂದು ಮರ ಇದೆ, ರೋಡಿಗೆ ಕಾಣಲ್ಲ, ಅದನ್ನೂ ನೋಡಿ ಹೋಗು." ಆ ಹಿಂದಿನ ಮರಕ್ಕೆ ನಿಜವಾಗಿಯೂ ಕೆಲಸವಿತ್ತು. ಹಗ್ಗದ ಮಾಮ ಕೆಳಗೆ ಹಗ್ಗ ಹಿಡಿದ, ನಾನು ಹತ್ತಿದೆ. ಅರ್ಧ ದಿನದ ಕೆಲಸ.

ಅಂಚೆಯಣ್ಣನಿಗೂ ರುಚಿ ಹತ್ತಿದೆ. "ಬೇರೆಯವರ ಕಾರ್ಡು ಓದಬಾರದು ಅಂತ ರೂಲು. ಆದ್ರೆ ನಿನ್ನ ಅಕ್ಷರ ತಾನಾಗೇ ಕಣ್ಣಿಗೆ ಬೀಳತ್ತೆ, ನಾನೇನು ಮಾಡ್ಲಿ" ಅನ್ನುತ್ತಾನೆ. ಸ್ಕೂಟರಿನವರ ಮನೆಗೆ ಕಾರ್ಡು ಕೊಡುವಾಗ ಸ್ಕೂಟರನ್ನು ಅವನೇ ತಳ್ಳಿ ಆಚೆ ನಿಲ್ಲಿಸಿದನಂತೆ.

ನಿನ್ನ ಅಳಿಲು

*

ಮೇ 3

ಅಳಿಲು,

ಏನೂ ಮಾಡಬೇಡಿ ಅಂತ ಹೇಳುವುದಕ್ಕೆ ಅಂಚೆ ಖರ್ಚು ಮಾಡಿದ ಮೊದಲ ವ್ಯಾಪಾರಿ ನೀನೇ ಇರಬೇಕು. ಐದು ಫೋನು ಅಂದೆಯಲ್ಲ, ನಿಜವಾ ಅಂತ ಹಗ್ಗದವನಿಗೆ ಫೋನ್ ಮಾಡಿ ಕೇಳಿದೆ. ನಿಜ ಅಂದ. ಸರಿ.

ನೇರಳೆಯ ಒಣಕೊಂಬೆ ತೆಗೆಯುವಾಗ, ಕೊಂಬೆ ಕಾಂಡಕ್ಕೆ ಸೇರುವ ಬುಡದ ಉಬ್ಬನ್ನು ಉಳಿಸಿಕೊಂಡು ಕೊಯ್ಯಿ. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದ.

ನೀರಿನ ಟ್ಯಾಂಕಿನ ಹಿಂದಿನ ಬೀದಿಗೆ ಮಾತ್ರ ಹೋಗಬೇಡ. ಅಲ್ಲಿ ಕೆಲಸ ಇಲ್ಲ.

ಅಪ್ಪ

*

ಮೇ 8

ಅಪ್ಪ,

ಹೋದೆ. ನೀನು ಹೋಗಬೇಡ ಅಂದ ಮೇಲೆ ಹೋಗದೆ ಇರುತ್ತೇನೆ ಎಂದು ನೀನೂ ಅಂದುಕೊಂಡಿರಲಾರೆ.

ಹನ್ನೊಂದು ಮನೆ, ಹನ್ನೊಂದು ಮಳೆಮರ, ಹನ್ನೊಂದಕ್ಕೂ ತಲೆ ಇಲ್ಲ. ಎಲ್ಲವನ್ನೂ ಒಂದೇ ರೀತಿ, ಮೇಜಿನ ಕಾಲು ಕೊಯ್ದ ಹಾಗೆ ಅಡ್ಡಡ್ಡ ಕೊಯ್ದಿದೆ. ಕೊಯ್ದ ಪ್ರತಿ ಜಾಗದಿಂದ ಹತ್ತು ಹನ್ನೆರಡು ಹೊಸ ಕೊಂಬೆ ಪೊರಕೆಯ ಹಾಗೆ ಎದ್ದಿವೆ. ದೂರದಿಂದ ಹುಲುಸಾಗಿ ಕಾಣುತ್ತದೆ. ಹತ್ತಿರ ಹೋದರೆ ನಡುವೆ ಕೊಳೆತ ಗುಳಿ, ಗುಳಿಯ ಅಂಚಿಗೆ ಅಂಟಿಕೊಂಡ ನನ್ನ ತೊಡೆಯಷ್ಟು ದಪ್ಪದ ಕೊಂಬೆಗಳು. ಅವು ಮರದ ಒಳಗಿಂದ ಬಂದವಲ್ಲ, ತೊಗಟೆಯನ್ನು ಕಚ್ಚಿಕೊಂಡು ನಿಂತವು. ಒಂದು ಗಟ್ಟಿ ಗಾಳಿ ಸಾಕು.

ನಾನು ಅಲ್ಲಿಗೆ ಮೊದಲ ಸಲ ಹೋದದ್ದಲ್ಲ ಎಂದು ಮೂರನೇ ಮರದ ಹತ್ತಿರ ನೆನಪಾಯಿತು. ನಾಲ್ಕು ವರ್ಷದ ಹಿಂದೆ, ಶಾಲೆ ಬಿಟ್ಟ ಮೊದಲ ತಿಂಗಳು, ಕೆಳಗೆ ಬಿದ್ದ ರೆಂಬೆಗಳನ್ನು ಎಳೆದು ಲಾರಿಗೆ ತುಂಬಿದವಳು ನಾನೇ. ಮೇಲೆ ಇದ್ದವನು ನೀನು. ಹಗ್ಗ ಹಿಡಿದವನು ಹಗ್ಗದ ಮಾಮ. "ತಲೆ ಕಡಿದರೆ ಮರ ಗಟ್ಟಿಯಾಗತ್ತೆ ಸಾರ್" ಎಂದು ನೀನು ಆ ಬೀದಿಯಲ್ಲೇ ಮನೆಯಿರುವ ಹೆಡ್‌ಮಾಸ್ಟರಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದರ ಮುಂದಿನ ವರ್ಷ ನನಗೆ ಗರಗಸ ಕೊಟ್ಟು, ಎಂದೂ ಮರದ ತಲೆ ಕಡಿಯಬೇಡ ಎಂದು ಕಲಿಸಿದವನೂ ನೀನೇ.

ನಿನಗೆ ಗೊತ್ತಿತ್ತಾ?

ಹನ್ನೊಂದು ಕಾರ್ಡು ಬರೆದಿಟ್ಟಿದ್ದೇನೆ. ಎಲ್ಲದರಲ್ಲೂ ಒಂದೇ ಮಾತು: "ನಾಲ್ಕು ವರ್ಷದ ಹಿಂದೆ ನಿಮ್ಮ ಮರದ ತಲೆ ಕಡಿದವರು ನಾವು. ಅದು ತಪ್ಪು ಕೆಲಸ. ಆಮೇಲೆ ಬಂದ ಕೊಂಬೆಗಳು ಮುರಿದು ಬೀಳಬಹುದು. ಮಳೆಗೆ ಮುಂಚೆ ಬಂದು ಅವನ್ನು ಹಗುರ ಮಾಡಿಕೊಡುತ್ತೇವೆ. ಹಣ ಬೇಡ. ಅಲ್ಲಿಯವರೆಗೆ ಕೆಳಗೆ ಕೂರಬೇಡಿ."

ಹದಿನೇಳನೇ ತಾರೀಕು ಅಂಚೆಗೆ ಹಾಕುತ್ತೇನೆ. ಹೇಳುವುದಿದ್ದರೆ ಅದಕ್ಕೆ ಮೊದಲು ಹೇಳು.

ಅಳಿಲು

*

ಮೇ 13

ಹಾಕಬೇಡ.

ಆ ಬೀದಿಯವರು ತಾವೇ ಕೇಳಿದರು. ಎಲೆ ಜಾಸ್ತಿ, ನೆರಳು ಜಾಸ್ತಿ, ಗಿಡ್ಡ ಮಾಡಿ ಅಂದರು. ನಾನು ಆಗಲ್ಲ ಅಂದಿದ್ದರೆ ಮಾರನೆಯ ದಿನ ಇನ್ನೊಬ್ಬ ಬಂದು ಕಡಿಯುತ್ತಿದ್ದ. ಆ ವರ್ಷ ಬೇರೆ ಕೆಲಸ ಇರಲಿಲ್ಲ. ನಿನ್ನ ಶಾಲೆಯ ರಗಳೆ ಬೇರೆ.

ಕೊಂಬೆ ಹಗುರ ಮಾಡು, ಬೇಡ ಅನ್ನುವುದಿಲ್ಲ. ಹೋಗಿ ಬಾಗಿಲು ತಟ್ಟಿ, ಮಳೆಗಾಲದ ಉಚಿತ ತಪಾಸಣೆ ಅಂತ ಹೇಳು. ಬರೆಯಲೇಬೇಕು ಅಂತಿದ್ದರೆ ಲಕೋಟೆಯಲ್ಲಿ ಹಾಕಿ ಅಂಟಿಸಿ ಕಳಿಸು. ಕಾರ್ಡು ಅಂದರೆ ಅಂಚೆಯವನು ಓದುತ್ತಾನೆ, ಗೇಟಿನಲ್ಲಿ ಬಿದ್ದರೆ ಪಕ್ಕದ ಮನೆಯವರು ಓದುತ್ತಾರೆ. ಮೂವತ್ತು ವರ್ಷದ ಹೆಸರು, ಒಂದು ಬುಧವಾರಕ್ಕೆ ಮುಗಿದು ಹೋಗುತ್ತದೆ.

ಅಪ್ಪ

(ಅಕ್ಕ: ಇವತ್ತು ಊಟ ಸರಿಯಾಗಿ ಮಾಡಲಿಲ್ಲ. ನೀನು ಹೇಳುತ್ತಿರುವುದು ತಪ್ಪು ಅಂತ ನಾನು ಹೇಳಲಾರೆ. ಆದರೆ ಹೇಳುವ ರೀತಿ ಅಂತ ಒಂದು ಇರುತ್ತದೆ.)

*

ಮೇ 20

ಅಪ್ಪ,

ಹದಿನೇಳಕ್ಕೆ ಹಾಕಿದೆ. ಕಾರ್ಡುಗಳೇ, ಲಕೋಟೆ ಇಲ್ಲ.

ಅಕ್ಕನಿಗೆ ಹೇಳು, ಹೇಳುವ ರೀತಿಯನ್ನು ನಾನು ಎರಡು ದಿನ ಯೋಚಿಸಿದೆ. ಅಂಟಿಸಿದ ಲಕೋಟೆಯಲ್ಲಿ ಹೇಳಿದರೆ ಅದು ಹನ್ನೊಂದು ಮನೆಗೂ ನಮಗೂ ನಡುವಿನ ಗುಟ್ಟಾಗುತ್ತದೆ. ಮರ ಬೀಳುವುದು ಗುಟ್ಟಾಗಿ ಅಲ್ಲ. ಅಂಚೆಯಣ್ಣ ಆ ಮರಗಳ ಕೆಳಗೆ ದಿನಾ ಸೈಕಲ್ ನಿಲ್ಲಿಸುತ್ತಾನೆ. ಪಕ್ಕದ ಮನೆಯವರ ಮಕ್ಕಳು ಅದರಡಿ ಆಡುತ್ತಾರೆ. ಅವರೂ ಓದಲಿ. ಓದಲಿ ಎಂದೇ ಹಾಕಿದೆ. ಉಚಿತ ತಪಾಸಣೆ ಎಂದು ಬಾಗಿಲು ತಟ್ಟಲು ನನ್ನ ಕೈ ಬರಲಿಲ್ಲ. ಅದು ಜಜ್ಜಿದ ಮನೆಯ ಚಿತ್ರದ ತಂಗಿ.

ಬೈಸಿಕೊಂಡೆ. ಕಟ್ಟೆಯ ಮನೆಯವರು ನನ್ನ ಮುಂದೆಯೇ ಕಾರ್ಡು ಹರಿದರು. ಔಷಧಿ ಅಂಗಡಿಯವರು "ನಿಮ್ಮಪ್ಪ ಇಲ್ದಾಗ ನಿಮ್ಮಪ್ಪನ ಮಾನ ಹರಾಜು ಹಾಕ್ತಿದೀಯಲ್ಲ, ನೀನೆಂಥ ಮಗಳು?" ಎಂದರು. ಹೌದು, ಆದರೆ ಬೆಂಚನ್ನು ಮರದಡಿಯಿಂದ ತೆಗೆಯಿರಿ ಎಂದೆ. ತೆಗೆಯಲಿಲ್ಲ.

ಹೆಡ್‌ಮಾಸ್ಟರು ಗೇಟಿನಲ್ಲೇ ನಿಲ್ಲಿಸಿಕೊಂಡರು. "ಓದು ಬಿಟ್ಟೋಳು ನನಗೇ ಪಾಠ ಹೇಳೋಕೆ ಬಂದ್ಯಾ?" ಎಂದು ಕಾರ್ಡು ವಾಪಸು ಕೊಟ್ಟರು. ಎರಡು ತಪ್ಪಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ "ವಿಷಯ ಸರಿಯಾಗಿದೆ. ಯಾವಾಗ ಬರುತ್ತೀ?" ಎಂದಿತ್ತು. ಅವರ ಕೈಯಿಂದ ನನಗೆ ಸಿಕ್ಕ ಅತಿ ಹೆಚ್ಚು ಅಂಕ ಇದೇ.

ಒಟ್ಟು ಒಂಬತ್ತು ಮನೆಯವರು ಬನ್ನಿ ಎಂದಿದ್ದಾರೆ. ಈಗಿನ ತೊಡಕು ಹಗ್ಗದ ಮಾಮ. ಶೆಡ್ಡಿಗೆ ಬಂದು, ಮೊಳೆಯಿಂದ ತನ್ನ ಹಗ್ಗ ತೆಗೆದು ಸುತ್ತಿ ಹೆಗಲಿಗೆ ಹಾಕಿಕೊಂಡ.

"ನಿನ್ನ ಮೇಲೆ ಸಿಟ್ಟಿಲ್ಲ ಮಗಾ. ಆ ಮರ ಕಡಿಯುವಾಗ ಹಗ್ಗ ಹಿಡಿದಿದ್ದು ಈ ಕೈನೇ. ಈಗ ಅದೇ ಕೈಲಿ ತಪ್ಪು ಅಂತ ಹೆಂಗೆ ಹಿಡೀಲಿ? ನಿಮ್ಮಪ್ಪ ಹೇಳಲಿ. ಅಲ್ಲೀವರ್ಗೂ ಹಿಡಿಯಲ್ಲ."

ಕೆಳಗೆ ಹಗ್ಗ ಹಿಡಿಯುವವರು ಇಲ್ಲದೆ ಮರ ಹತ್ತಬಾರದು ಎಂಬುದು ನೀನು ಕಲಿಸಿದ ಮೊದಲ ಪಾಠ. ಅವನಿಗೆ ಒಂದು ಮಾತು ಹೇಳು. ಎರಡು ವಾರದಲ್ಲಿ ಮಳೆ.

ಅಳಿಲು

*

ಮೇ 31

ಅಪ್ಪ,

ನಿನ್ನಿಂದ ಏನೂ ಬರಲಿಲ್ಲ. ಸುಮ್ಮನಿರುವುದು ನಿನಗೆ ಬರುವುದಿಲ್ಲ ಎಂದು ತಿಳಿದಿದ್ದೆ. ಈ ವಯಸ್ಸಿನಲ್ಲಿ ಕಲಿತಿದ್ದೀಯ.

ಗಿಡ್ಡವಾಗಿರುವ ಎರಡು ಮರಗಳನ್ನು ಏಣಿಯ ಮೇಲೆ ನಿಂತು, ಉದ್ದ ಕೋಲಿನ ಗರಗಸದಲ್ಲಿ ಹಗ್ಗವಿಲ್ಲದೆ ಹಗುರ ಮಾಡಿದೆ. ಕುತ್ತಿಗೆ ಹಿಡಿದುಕೊಂಡಿದೆ, ಬಲಕ್ಕೆ ತಿರುಗುವುದಿಲ್ಲ. ಹೆಡ್‌ಮಾಸ್ಟರು ಏಣಿ ಹಿಡಿದುಕೊಂಡರು, ಹಿಡಿದಷ್ಟು ಹೊತ್ತೂ ಮಗ್ಗಿ ಕೇಳಿದರು.

ನಿನ್ನೆ ಮಧ್ಯಾಹ್ನ ಗಾಳಿ ಬೀಸಿತು. ಔಷಧಿ ಅಂಗಡಿಯವರ ಮರದ ಕೊಂಬೆ ಬುಡಸಮೇತ ಕಿತ್ತು ಬೆಂಚಿನ ಮೇಲೆ ಬಿತ್ತು. ಬೆಂಚು ಎರಡು ತುಂಡು. ಅಲ್ಲಿ ಯಾರೂ ಇರಲಿಲ್ಲ. ಅವರ ಹೆಂಡತಿ ದಿನಾ ಆ ಹೊತ್ತಿಗೆ ಅಲ್ಲಿ ಕೂತು ಸೊಪ್ಪು ಸೋಸುತ್ತಾರೆ. ನಿನ್ನೆ ಯಾರೋ ಬಂದರೆಂದು ಒಳಗೆ ಹೋಗಿದ್ದರು. ಅಷ್ಟೇ.

ಅಂಗಡಿಯವರು ಶೆಡ್ಡಿಗೆ ಓಡಿ ಬಂದು, ನನ್ನನ್ನು ಕರೆದುಕೊಂಡು ಹೋಗಿ ಬೆಂಚು ತೋರಿಸಿದರು. ನಾನು ಗೆದ್ದೆ ಎಂದು ನಿನಗೆ ಬರೆಯಬೇಕು ಎಂದಿದ್ದೆ. ಆ ಬೆಂಚು ನೋಡಿದ ಮೇಲೆ ಬರೆಯಲಾಗುತ್ತಿಲ್ಲ.

ಜೂನ್ ಐದರಂದು ಬೆಳಿಗ್ಗೆ ಏಳಕ್ಕೆ ಹೆಡ್‌ಮಾಸ್ಟರ ಮರ ಹತ್ತುತ್ತೇನೆ. ಅದು ಎಲ್ಲಕ್ಕಿಂತ ಎತ್ತರದ್ದು, ಎಲ್ಲಕ್ಕಿಂತ ಕೊಳೆತದ್ದು. ಕೆಳಗೆ ಯಾರಾದರೂ ಇದ್ದರೂ ಹತ್ತುತ್ತೇನೆ, ಇಲ್ಲದಿದ್ದರೂ ಹತ್ತುತ್ತೇನೆ. ಹೆದರಿಸುತ್ತಿಲ್ಲ. ಹೆದರಿಸುವ ಕಾರ್ಡು ನಿನ್ನದು. ನಾನು ತಾರೀಕು ತಿಳಿಸುತ್ತಿದ್ದೇನೆ.

ಅಳಿಲು

*

(ಕಾರ್ಡು. ಒಂದು ಬದಿಯಲ್ಲಿ ಮರ ಬಿದ್ದು ಜಜ್ಜಿದ ಮನೆಯ ಚಿತ್ರ.)

ಜೂನ್ 2

ಹಗ್ಗದವನೇ,

ಐದನೇ ತಾರೀಕು ಬೆಳಿಗ್ಗೆ ಏಳಕ್ಕೆ ಹೆಡ್‌ಮಾಸ್ಟರ ಮನೆಗೆ ಹೋಗು. ಅಳಿಲಿನ ಹಗ್ಗ ಹಿಡಿ. ಹೊಸ ಹಗ್ಗ ತಗೊಂಡು ಹೋಗು, ಹಳೆಯದು ಬೇಡ.

ನಿನ್ನ ಗೆಳೆಯ

*

ಜೂನ್ 7

ಅಪ್ಪ,

ಹಗ್ಗದ ಮಾಮ ಏಳಕ್ಕಲ್ಲ, ಆರೂವರೆಗೇ ಬಂದು ಕೂತಿದ್ದ. ನಿನ್ನ ಕಾರ್ಡು ಅಂಗಿಯ ಜೇಬಿನಲ್ಲಿತ್ತು, ಜಜ್ಜಿದ ಮನೆ ಹೊರಗೆ ಇಣುಕುತ್ತಿತ್ತು. ಹಗ್ಗ ಹೊಸದೇ. ನನ್ನ ಸೊಂಟದ ಪಟ್ಟಿಯನ್ನು ಮೂರು ಸಲ ಎಳೆದು ನೋಡಿದ.

ಎರಡನೆಯ ಕಾರ್ಡು ಬಂದಾಗ ನಾನು ಮರದ ಮೇಲಿದ್ದೆ. ಹಗ್ಗದ ಮಾಮನ ಮನೆಗೆ ಬೀಗ ಹಾಕಿದ್ದರಿಂದ ಅಂಚೆಯಣ್ಣ ಹುಡುಕಿಕೊಂಡು ಅಲ್ಲಿಗೇ ಬಂದ. "ಇವನಿಗೇನು ಬಂತು? ಮೊದಲನೇದಕ್ಕೇ ಬಂದಿದೀನಲ್ಲ, ಮತ್ತೆ ಯಾಕೆ ಬರೀತಾನೆ?" ಎಂದ ಹಗ್ಗದ ಮಾಮ. ಕೈಯಲ್ಲಿ ಹಗ್ಗ ಇದ್ದದ್ದರಿಂದ ನೀನೇ ಓದು ಎಂದ. ಅಂಚೆಯಣ್ಣ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದ. "ಆ ಹನ್ನೊಂದು ಮರದ ತಲೆ ಕಡಿದವನು ನಾನು. ನೀನು ಹಿಡಿದದ್ದು ಹಗ್ಗ ಮಾತ್ರ. ನಿನ್ನ ತಪ್ಪಿಲ್ಲ." ಹಗ್ಗದ ಮಾಮ ಮುಖ ಆಚೆ ತಿರುಗಿಸಿದ. ಹಗ್ಗ ಮಾತ್ರ ಒಂದು ಬೆರಳಷ್ಟೂ ಸಡಿಲವಾಗಲಿಲ್ಲ.

ಯಾಕೆ ಮತ್ತೆ ಬರೆಯುತ್ತಾನೆ ಎಂದು ಅವನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಮೇಲಿಂದ ಎಣಿಸಿದೆ. ಇನ್ನೊಂದು ಬರಬೇಕು.

ನಿನ್ನೆ ಬಂತು. ಔಷಧಿ ಅಂಗಡಿಯವರ ಮರದಲ್ಲಿದ್ದೆವು. ಇಷ್ಟು ಹೊತ್ತಿಗೆ ಬೀದಿಗೂ ಸುದ್ದಿ ಹೋಗಿತ್ತು, ಹೆಡ್‌ಮಾಸ್ಟರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅಂಚೆಯಣ್ಣ ಕಾರ್ಡು ತಿರುಗಿಸಿ ನೋಡಿದ, ಈ ಸಲ ಗಟ್ಟಿಯಾಗಿ ಓದಲಿಲ್ಲ. "ಜಾಸ್ತಿ ಏನೂ ಬರೆದಿಲ್ಲ ಕಣಮ್ಮ" ಎಂದ. ಓದು ಎಂದೆ. ಹೆಡ್‌ಮಾಸ್ಟರು ಕೈ ಚಾಚಿ ಕಾರ್ಡು ಇಸಿದುಕೊಂಡು, ಕ್ಲಾಸಿನಲ್ಲಿ ಹಾಜರಿ ಕೂಗುವ ಧ್ವನಿಯಲ್ಲಿ ನನಗೆ ಕೇಳುವ ಹಾಗೆ ಓದಿದರು.

"ಅವಳಿಗೆ ಹೇಳು. ನನಗೆ ಗೊತ್ತಿತ್ತು."

ಗರಗಸ ತೆಗೆದುಕೊಂಡೆ, ಬುಡದ ಉಬ್ಬನ್ನು ಉಳಿಸಿಕೊಂಡು ಕೊಯ್ದೆ.

ಹೆಡ್‌ಮಾಸ್ಟರು ಆ ಕಾರ್ಡಿನಲ್ಲಿ ಕೆಂಪು ಶಾಯಿ ಹಾಕಲಿಲ್ಲ. ಅದು ಈಗ ಶೆಡ್ಡಿನ ಕನ್ನಡಿಯ ಹಿಂದೆ ಇದೆ.

ಇನ್ನು ಏಳು ಮರ ಬಾಕಿ. ಮೋಡ ಕಟ್ಟಿದೆ, ಆದರೂ ಮುಗಿಸುತ್ತೇವೆ. ಕಾರ್ಡು ಹರಿದ ಕಟ್ಟೆಯ ಮನೆಯವರು ಇವತ್ತು ಬಂದು, ನಮ್ಮದು ಯಾವಾಗ ಎಂದು ಕೇಳಿದರು. ಅವರಿಗೆ ಎರಡನೆಯ ಕಾರ್ಡು ಹಾಕಿದ್ದೆ, ಮೂರನೆಯದು ಬರೆದಿಟ್ಟಿದ್ದೆ. ಅದು ಉಳಿಯಿತು.

ಪ್ಲಾಸ್ಟರ್ ಬಿಚ್ಚಿದ ದಿನ ಹೊರಟು ಬಾ. ಮರ ಹತ್ತುವ ಹಾಗಿಲ್ಲ, ಸ್ಟೂಲನ್ನಂತೂ ಮುಟ್ಟುವ ಹಾಗಿಲ್ಲ. ನೀನು ಮರದ ತಲೆ ಕಡಿದ ಬೀದಿ ಅದೊಂದೇ ಅಲ್ಲ ಎಂದು ಹಗ್ಗದ ಮಾಮ ನಿನ್ನೆ ಹೇಳಿದ. ಇನ್ನೂ ಎರಡು ಇವೆಯಂತೆ. ಆ ಕಾರ್ಡುಗಳನ್ನು ನಾನು ಬರೆಯುವುದಿಲ್ಲ. ಕಿಟಕಿಯ ಪಕ್ಕದ ಮೇಜನ್ನು ಖಾಲಿ ಮಾಡಿಟ್ಟಿದ್ದೇನೆ, ಬಿಳಿ ಕಾಗದ ಅಂಟಿಸಿದ ಕಾರ್ಡುಗಳ ಕಟ್ಟು ಅದರ ಮೇಲಿದೆ. ಬುಧವಾರ ತಲುಪಬೇಕು.

ನಿನ್ನ ಅಳಿಲು